ಕೇಸರದ ಬೆಲೆ

‘ಕೇಸರಿ’ ಎಂದರೆ ಕೇಸರವುಳ್ಳದ್ದು. ಕೊರಳ ಕೂದಲೇ ಮೃಗರಾಜನಿಗೆ ಹೆಸರಾಯಿತು. ಅದು ಬರಿಯ ಅಲಂಕಾರವೆಂದೇ ನಾನು ಬಹುಕಾಲ ಪಾಠ ಹೇಳಿದೆನು. ತಪ್ಪನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಟಾಂಜಾನಿಯದ ಸೆರೆಂಗೆಟಿಯಲ್ಲಿ ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಎಂಬ ವಿಜ್ಞಾನಿಗಳು ಸಿಂಹದ ಬೊಂಬೆಗಳನ್ನು ನಿಲ್ಲಿಸಿ ಪರೀಕ್ಷಿಸಿ, 2002ರಲ್ಲಿ ಫಲವನ್ನು ಪ್ರಕಟಿಸಿದರು. ಹೆಣ್ಣುಗಳು ಕಪ್ಪು ಕೇಸರವನ್ನು ಮೆಚ್ಚಿ ಬಂದವು. ಗಂಡುಗಳು ಕಪ್ಪಾದ, ನೀಳವಾದ ಕೇಸರಕ್ಕೆ ಅಂಜಿ ಸರಿದವು. ಕಪ್ಪು ಕೇಸರದ ತಂದೆಯ ಮರಿಗಳು ಬದುಕುವುದೂ ಹೆಚ್ಚು. ಆದರೆ ಆ ಕೇಸರವೇ ಮೈಯನ್ನು ಕಾಯಿಸುತ್ತದೆ. ಬೇಸಗೆಯಲ್ಲಿ ಆಹಾರ ತಗ್ಗುತ್ತದೆ, ವೀರ್ಯದಲ್ಲಿ ದೋಷ ಹೆಚ್ಚುತ್ತದೆ. ಬಿಸಿಲು ಸುಡುವ ಕೀನ್ಯದ ತ್ಸಾವೋದಲ್ಲಿ ಎಷ್ಟೋ ಗಂಡುಗಳಿಗೆ ಕೇಸರವೇ ಇಲ್ಲವೆನ್ನಬಹುದು.

ಆ ತಾಪವನ್ನು ತಾಳಬಲ್ಲ ಗಂಡಿಗೆ ಮಾತ್ರ ಈ ಕಿರೀಟ. ಅರಸನನ್ನು ಸಿಂಹಕ್ಕೆ ಹೋಲಿಸುವ ಪದ್ಯ ಬಂದಾಗ, ಇನ್ನು ಮುಂದೆ ಕೇಸರದ ಚೆಲುವಿನೊಡನೆ ಅದರ ಭಾರವನ್ನೂ ವಿದ್ಯಾರ್ಥಿಗಳಿಗೆ ಹೇಳುವೆನು.