ಪದವಿವೇಕ: ‘ಲೆಂಡ್’ ಮತ್ತು ‘ಬಾರೋ’

ಇಂಗ್ಲಿಷ್ ಕಲಿಯತಕ್ಕ ನಮ್ಮವರು ಅದಲುಬದಲು ಮಾಡುವ ಪದಗಳಲ್ಲಿ ‘ಲೆಂಡ್’, ‘ಬಾರೋ’ ಎಂಬ ಜೋಡಿಯನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಇವು ಹಣದ ವ್ಯವಹಾರಕ್ಕೆ ಸೇರಿದ ಮಾತುಗಳು. ಆದಕಾರಣ ಇವುಗಳಲ್ಲಾಗುವ ತಪ್ಪು ಪರೀಕ್ಷೆಯ ಅಂಕಗಳಿಗೇ ಮುಗಿಯುವುದಿಲ್ಲ.

ನಾವು ಉಪಾಧ್ಯಾಯವೃತ್ತಿಗೆ ಸೇರಿದ ಹೊಸತರಲ್ಲಿ ‘ಲೆಂಡ್ ಎಂದರೆ ಸಾಲ’ ಎಂದು ಕರಿಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋಗುತ್ತಿದ್ದೆವು. ಆಗ ನಮ್ಮ ಶಿಷ್ಯನೊಬ್ಬನ ತಂದೆ ಮಗಳ ಮದುವೆಗೆಂದು ಪಟ್ಟಣದಲ್ಲಿದ್ದ ಭಾವಮೈದುನನಿಂದ ಐದು ಸಾವಿರ ರೂಪಾಯಿ ತಂದಿದ್ದರು. ಅದಕ್ಕೊಂದು ಕಾಗದ ಬರೆದುಕೊಡಬೇಕಾಗಿ ಬಂದಾಗ, ಮಗನ ವಿದ್ಯೆ ಬಂಧುಗಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿಯೇ ಬರೆಯಿಸಿ ಸಹಿ ಹಾಕಿದರು. ಹುಡುಗನು ‘ಲೆಂಡ್’ ಎಂದೇ ಬರೆದಿದ್ದನು. ಓದಿ ನೋಡಿದರೆ ಸಾಲ ತಂದವರೇ ಸಾಲ ಕೊಟ್ಟವರಾಗಿದ್ದರು! ಭಾವಮೈದುನನು ಇದನ್ನು ಕುಯುಕ್ತಿಯೆಂದು ತಿಳಿದು ಮದುವೆಗೆ ಬರಲಿಲ್ಲ, ಸೋದರಮಾವನಿಲ್ಲದೆಯೇ ಧಾರೆಯಾಯಿತು. ಹುಡುಗನಿಗೆ ಪೆಟ್ಟು ಬಿದ್ದಿತೆಂದು ಆಮೇಲೆ ಕೇಳಿದೆವು. ನ್ಯಾಯವಾಗಿ ಅದು ನಮಗೆ ಸಲ್ಲತಕ್ಕದ್ದಾಗಿತ್ತು. ಸರಿಯಾದ ಕಾಗದವನ್ನು ನಾವೇ ಬರೆದು, ಪಟ್ಟಣಕ್ಕೆ ಹೋಗಿ, ತಪ್ಪನ್ನು ಒಪ್ಪಿಕೊಂಡು ಬಂದೆವು.

ತಪ್ಪಿನ ಮೂಲ ಕನ್ನಡದ ಅಭ್ಯಾಸದಲ್ಲಿದೆ. ನಾವು ‘ಸಾಲ’ ಎಂಬ ನಾಮಪದವೊಂದನ್ನು ಇಟ್ಟುಕೊಂಡು, ‘ಕೊಡು’, ‘ತೆಗೆದುಕೊ’ ಎಂಬ ಕ್ರಿಯೆಗಳಿಂದ ಅದರ ದಿಕ್ಕನ್ನು ಸೂಚಿಸುತ್ತೇವೆ. ಇಂಗ್ಲಿಷಿನಲ್ಲಿಯಾದರೋ ದಿಕ್ಕು ಕ್ರಿಯಾಪದದ ಒಳಗೇ ಅಡಗಿದೆ. ಕೊಡುವವನದು ‘ಲೆಂಡ್’, ಅದಕ್ಕೆ ‘ಟು’ ಸೇರುವುದು. ಪಡೆಯುವವನದು ‘ಬಾರೋ’, ಅದಕ್ಕೆ ‘ಫ್ರಮ್’. ‘ಬಾರೋ’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಒತ್ತೆ, ಹೊಣೆ ಎಂಬರ್ಥದ ಶಬ್ದಕ್ಕೆ ಸಂಬಂಧಪಟ್ಟದ್ದು. ಹೊಣೆಯಾಗತಕ್ಕವನು ಪಡೆದವನೇ ಅಲ್ಲವೇ? ‘ಲೆಂಡ್’ ಎಂಬುದು ‘ಲೋನ್’ ಶಬ್ದದ ಬಂಧು, ಕೊನೆಯ ಡಕಾರ ತರುವಾಯ ಬಂದು ಸೇರಿದ್ದು. ಸಂಸ್ಕೃತದವರೂ ಇಲ್ಲಿ ಎಚ್ಚರದಿಂದಿದ್ದರು. ಸಾಲ ಕೊಟ್ಟವನು ಉತ್ತಮರ್ಣ, ಪಡೆದವನು ಅಧಮರ್ಣ. ಸಾಲ ಹೊತ್ತಿರುವುದನ್ನು ಹೇಳುವಾಗ ಉತ್ತಮರ್ಣನು ಸಂಪ್ರದಾನವಾಗಬೇಕೆಂದು ಪಾಣಿನಿಯು ಬೇರೆಯಾಗಿಯೇ ಒಂದು ಸೂತ್ರವನ್ನು ಮಾಡಿದನು. ಯಾರಿಗೆ ಸಲ್ಲಬೇಕೆಂಬುದು ಚತುರ್ಥೀ ವಿಭಕ್ತಿಯಿಂದಲೇ ಗೊತ್ತಾಗುವುದು.

ಇಷ್ಟರಿಂದ ಕನ್ನಡ ಬಡವೆಂದು ಯಾರೂ ಎಣಿಸಬೇಕಾಗಿಲ್ಲ. ನೆರೆಮನೆಯಿಂದ ತಂದ ಒಂದು ಲೋಟ ಸಕ್ಕರೆ ನಮಗೆ ಕಡ. ಅಷ್ಟೇ ಸಕ್ಕರೆ ಹಿಂದಿರುಗಿದರೆ ಸಾಕು, ಅದೇ ಸಕ್ಕರೆ ಬೇಕಿಲ್ಲ. ಅದೇ ಮನೆಯಿಂದ ಮದುವೆಗೆ ತಂದ ಒಡವೆ ಎರವಲು. ಅದೇ ಒಡವೆಯೇ ಹಿಂದಿರುಗಬೇಕು. ಇಂಗ್ಲಿಷಿನವರು ಸಕ್ಕರೆಯನ್ನೂ ಒಡವೆಯನ್ನೂ ಒಂದೇ ‘ಬಾರೋ’ ಶಬ್ದದಿಂದ ತರುತ್ತಾರೆ. ಕೈಗಡವೆಂಬುದನ್ನು ಒಂದೇ ಮಾತಿನಲ್ಲಿ ಅವರಿಗೆ ತಿಳಿಸಲು ನಾವು ಪ್ರಯತ್ನಿಸಿ ಸೋತಿದ್ದೇವೆ.

ಸಾಲದ ಮಾತು ಬಂದುದರಿಂದ, ಮುಂದಿನ ತಿಂಗಳು ‘ಪ್ರಿನ್ಸಿಪಲ್’ ಎಂದು ಒಂದೇ ಬಗೆಯಾಗಿ ಉಚ್ಚರಿಸಿ ಎರಡು ಬಗೆಯಾಗಿ ಬರೆಯತಕ್ಕ ಶಬ್ದಗಳನ್ನು ನೋಡೋಣ. ಅವುಗಳಲ್ಲಿ ಒಂದು ಸಾಲದ ಅಸಲು, ಇನ್ನೊಂದು ತತ್ತ್ವ.