ದಕ್ಕೆ ಇದೆ, ನೀರೆಲ್ಲಿ?

ಬಂದರು ಎಂದರೇನು ಎಂದು ನಮ್ಮ ಕರಾವಳಿಯ ಯಾವ ಮಗುವನ್ನು ಕೇಳಿದರೂ ಬೋಟು ನಿಲ್ಲುವ ಜಾಗ ಎಂದು ಹೇಳೀತು. ಬಂದರು ಕಟ್ಟಿಸುವವರಿಗೆ ಮಾತ್ರ ಅದು ಕಾಂಕ್ರೀಟು ಸುರಿಯುವ ಜಾಗ. ದಕ್ಕೆ ಎಷ್ಟು ಮೀಟರ್ ಉದ್ದ, ಹರಾಜು ಕಟ್ಟೆಗೆ ಎಷ್ಟು ಲಕ್ಷ, ಎಲ್ಲಕ್ಕೂ ಲೆಕ್ಕವಿದೆ. ಇಳಿತದ ಹೊತ್ತಿನಲ್ಲಿ ಅದೇ ದಕ್ಕೆಯ ಬುಡದಲ್ಲಿ ಎಷ್ಟು ಅಡಿ ನೀರು ಉಳಿಯುತ್ತದೆ ಎಂದು ಕೇಳಿ ನೋಡಿ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಈ ಪ್ರಶ್ನೆಯ ಬಿಸಿ ತಟ್ಟಬೇಕಾದರೆ ಬೋಟಿನ ಹೊಟ್ಟೆಯ ಕೆಳಗೆ ಏನಿದೆ ಎಂದು ತಿಳಿಯಬೇಕು. ನಾಡದೋಣಿಯ ಔಟ್‌ಬೋರ್ಡ್ ಇಂಜಿನು ಹಿಂದಿನ ಹಲಗೆಗೆ ನೇತುಬಿದ್ದಿರುತ್ತದೆ. ನೀರು ಕಡಿಮೆಯಾದರೆ ಅದನ್ನು ಮೇಲಕ್ಕೆತ್ತಿ ಹುಟ್ಟು ಹಾಕುತ್ತ ದಡ ಸೇರಬಹುದು. ಟ್ರಾಲ್ ಬೋಟಿಗೆ ಆ ಭಾಗ್ಯವಿಲ್ಲ. ಅದರ ಇಂಜಿನು ಒಳಗಿದೆ. ಅಲ್ಲಿಂದ ಹೊರಟ ಶಾಫ್ಟು ತಳವನ್ನು ತೂರಿಕೊಂಡು ನೀರಿಗಿಳಿದು ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಅದರ ಹಿಂದೆಯೇ ಚುಕ್ಕಾಣಿ. ಇದ್ಯಾವುದನ್ನೂ ಎತ್ತಿ ಮಡಚುವಂತಿಲ್ಲ. ನೀರು ಇಳಿದರೆ ಬೋಟು ಇಳಿಯುತ್ತದೆ, ಬೋಟು ಇಳಿದರೆ ಪ್ರೊಪೆಲ್ಲರು ಕೆಸರಿಗೆ ಹೋಗುತ್ತದೆ.

ಮೆತ್ತನೆ ಕೆಸರಲ್ಲವೇ, ಕೂತರೇನು ಎನ್ನುವವರಿದ್ದಾರೆ. ಅಂಥ ಒಬ್ಬ ಅಧಿಕಾರಿಯ ಬಾಯಲ್ಲೇ ನಾನು ಈ ಮಾತು ಕೇಳಿದ್ದೇನೆ. ಬೋಟು ಒಮ್ಮೆ ಕೂತು ಸುಮ್ಮನಿದ್ದರೆ ಅಷ್ಟು ಕೆಡುಕಿಲ್ಲ. ಆದರೆ ಪಕ್ಕದಲ್ಲಿ ಇನ್ನೊಂದು ಬೋಟು ಹಾದುಹೋದಾಗಲೆಲ್ಲ ಅದರ ಅಲೆ ಇದನ್ನು ಎತ್ತಿ ತಳಕ್ಕೆ ಕುಕ್ಕುತ್ತದೆ. ಹೀಗೆ ಕುಕ್ಕಿ ಕುಕ್ಕಿ ಚುಕ್ಕಾಣಿ ಸೊಟ್ಟಗಾಗುತ್ತದೆ, ಶಾಫ್ಟು ಕೂದಲೆಳೆಯಷ್ಟು ಬಾಗುತ್ತದೆ. ಅಷ್ಟು ಬಾಗಿದರೆ ಸಾಕು, ಕಡಲಿಗೆ ಹೋದ ಮೇಲೆ ಬೋಟಿಡೀ ನಡುಗುತ್ತದೆ, ಶಾಫ್ಟಿನ ಸಂದಿಯಿಂದ ನೀರು ಒಳಗೆ ಜಿನುಗತೊಡಗುತ್ತದೆ. ಇಂಜಿನು ತಣಿಸುವ ನೀರನ್ನು ಎಳೆಯುವ ತೂತು ಸಹ ತಳದಲ್ಲೇ ಇರುವುದರಿಂದ ಅದು ನೀರಿನ ಬದಲು ಹೊಯಿಗೆ ಹೀರುತ್ತದೆ. ಇನ್ನು ಬೋಟು ತನ್ನದೇ ಲಂಗರಿನ ಮೇಲೆ ಕೂತು ತಳ ಒಡೆದುಕೊಳ್ಳುವುದಂತೂ ಆಳವಿಲ್ಲದ ನೀರಿಗೇ ಮೀಸಲಾದ ದುರ್ಗತಿ.

ಒಳ ಇಂಜಿನಿನ ಈ ಕಷ್ಟ ಶ್ರೀಮಂತರಿಗೂ ಇದೆ. ಅಮೆರಿಕದ ಸರೋವರಗಳಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ನೀರ ಮೇಲೆ ಜಾರುವವರನ್ನು ಎಳೆಯುವ ಸ್ಕೀ ಬೋಟುಗಳ ತಳದಲ್ಲೂ ಇದೇ ಶಾಫ್ಟು, ಇದೇ ಚುಕ್ಕಾಣಿ. ಅವು ಮುಳುಗುವುದು ಹೆಚ್ಚುಕಡಿಮೆ ಎರಡೇ ಅಡಿ. ಆದರೂ ಮನೆ ಮುಂದಿನ ನೀರು ಆಳವಿಲ್ಲದಿದ್ದರೆ ಅಲ್ಲಿನವರು ಬೋಟನ್ನು ತೊಟ್ಟಿಲಿನಂಥ ಲಿಫ್ಟಿನ ಮೇಲೇರಿಸಿ, ನೀರಿನಿಂದ ಮೇಲೆತ್ತಿ ಇಡುತ್ತಾರೆ. ಅದು ಅವರ ರಜೆಯ ಆಟಿಕೆ. ನಮ್ಮಲ್ಲಿ ಬ್ಯಾಂಕಿನ ಸಾಲದಲ್ಲಿ ಕಟ್ಟಿಸಿದ, ಏಳೆಂಟು ಮನೆಗಳ ಒಲೆ ಉರಿಸುವ ಬೋಟು ಕೆಸರಿನಲ್ಲಿ ವಾಲಿಕೊಂಡಿರುತ್ತದೆ.

ಉಬ್ಬರವಿಳಿತವೇನೂ ಮುನ್ಸೂಚನೆಯಿಲ್ಲದೆ ಬರುವ ನೆಂಟನಲ್ಲ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಮಂಗಳೂರಿಗಿಂತ ಕಾರವಾರದಲ್ಲಿ ಈ ವ್ಯತ್ಯಾಸ ಜಾಸ್ತಿ ಎಂಬುದು ತಂಡೇಲರಿಗೆಲ್ಲ ಗೊತ್ತು. ಭರತದ ಹೊತ್ತಿಗೆ ಬಂದು, ತುಂಬಿದ ಹೊಳೆಯ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರಿಗೆ ಗೊತ್ತಿಲ್ಲ, ಅಷ್ಟೆ.

ಹೂಳೆತ್ತುತ್ತೇವಲ್ಲ ಎನ್ನುತ್ತಾರೆ. ಎತ್ತಿದ ಹೂಳನ್ನು ಎಲ್ಲಿಗೆ ಹಾಕುತ್ತೀರಿ ಸ್ವಾಮಿ? ನಮ್ಮೂರಿನಲ್ಲಿ ಅದನ್ನು ಹೊಳೆಯ ದಂಡೆಗೇ ರಾಶಿ ಹಾಕಿದರು. ಆಷಾಢದ ಮಳೆ ಅದನ್ನು ಮರಳಿ ಹೊಳೆಗೇ ತಲುಪಿಸಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಘಟ್ಟದಿಂದ ಬಂದ ಮಣ್ಣು ಅಳಿವೆಯ ಹತ್ತಿರ ಉಪ್ಪುನೀರು ತಾಗಿದೊಡನೆ ಗಂಟುಗಂಟಾಗಿ ತಳ ಸೇರುತ್ತದೆ. ಅದು ಹೊಳೆಯ ಸ್ವಭಾವ. ಸರಿಯಾಗಿ ಅದೇ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ, ಯಾಂತ್ರಿಕ ಬೋಟುಗಳೆಲ್ಲ ಬಂದರಿಗೆ ಬಂದು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಲ್ಲುತ್ತವೆ. ಹೊರಸಾಲಿನ ಬೋಟು ತೇಲುತ್ತಿರುತ್ತದೆ, ದಡದ ಸಾಲಿನದು ನೆಲ ಕಚ್ಚಿರುತ್ತದೆ. ಆಗಸ್ಟಿನಲ್ಲಿ ಎಲ್ಲರೂ ಕಡಲಿಗೆ ಹೊರಟಾಗ ಅದರ ಯಜಮಾನ ಬೋಟನ್ನು ದಡಕ್ಕೆಳೆಸಿ ರಿಪೇರಿ ಮಾಡಿಸಲು ಸರದಿ ಕಾಯುತ್ತಾನೆ.

ನಮ್ಮವರೂ ಸಾಚಾಗಳಲ್ಲ. ಹೊಳೆ ಆಳವಾಗದಿದ್ದರೂ ಬೋಟು ಮಾತ್ರ ಪ್ರತಿಸಲ ಹಿಂದಿನದಕ್ಕಿಂತ ದೊಡ್ಡದಾಗಬೇಕು. ಹರಿದ ಬಲೆ, ತುಂಡು ಹಗ್ಗ ಎಲ್ಲ ದಕ್ಕೆಯ ಬುಡಕ್ಕೇ ಎಸೆಯುವುದು, ಆಮೇಲೆ ಅದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತೆಂದು ಬೊಬ್ಬೆ ಹಾಕುವುದು. ಇದನ್ನು ಹೇಳಿದ್ದಕ್ಕೆ ನನ್ನ ಮೇಲೆ ಕೋಪಿಸಿಕೊಂಡವರು ಕೋಪಿಸಿಕೊಳ್ಳಲಿ.

ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ನಾನು ಕೇಳುತ್ತಿರುವುದು ಅಳತೆಯೊಂದನ್ನೇ. ಪ್ರತಿ ಅಮಾವಾಸ್ಯೆಯ ಇಳಿತದಲ್ಲಿ ದಕ್ಕೆಯುದ್ದಕ್ಕೂ ಆಳ ಅಳೆದು, ಎಲ್ಲರ ಕಣ್ಣಿಗೆ ಬೀಳುವಂತೆ ಹಲಗೆಯ ಮೇಲೆ ಬರೆಯಿರಿ. ಇದಕ್ಕೆ ಒಂದು ಗಳ, ಒಂದು ಡಬ್ಬಿ ಬಣ್ಣ ಸಾಕು. ನಾಲ್ಕು ಅಡಿ ನೀರು ಬೇಕಾದ ಬೋಟನ್ನು ಮೂರು ಅಡಿ ಇರುವಲ್ಲಿ ಯಾರೂ ಕಟ್ಟುವುದಿಲ್ಲ, ಹೂಳೆತ್ತದೆಯೇ ಎತ್ತಿದೆ ಎಂದು ಬಿಲ್ಲು ಬರೆಯುವುದೂ ಅಷ್ಟು ಸುಲಭವಾಗುವುದಿಲ್ಲ. ಈ ಎರಡನೆಯ ಕಾರಣದಿಂದಲೇ ಹಲಗೆ ಬೇಗ ಬರಲಾರದೆಂದು ನನ್ನ ಅನುಮಾನ. ಸದ್ಯಕ್ಕೆ ಅಲ್ಲಿರುವುದು ಉದ್ಘಾಟಕರ ಹೆಸರು ಕೆತ್ತಿದ ಕರಿಕಲ್ಲು ಮಾತ್ರ.