ಗೊಲ್ಗೊಥಾದಲ್ಲಿ ಉಳಿದ ಪ್ರಶ್ನೆ

ಶುಭ ಶುಕ್ರವಾರದಂದು ನಮ್ಮ ಅನೇಕ ಚರ್ಚುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ವಿಶೇಷ ಆರಾಧನೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲಿಂದ ಆಡಿದನೆಂದು ಹೇಳಲಾಗುವ ಏಳು ಮಾತುಗಳ ಮೇಲೆ ಏಳು ಪ್ರವಚನಗಳು ಅದರ ಮುಖ್ಯ ಭಾಗ. ಕೊಲ್ಲುತ್ತಿರುವವರನ್ನು ಕ್ಷಮಿಸಬೇಕೆಂಬ ಪ್ರಾರ್ಥನೆ, ಪಕ್ಕದ ಶಿಲುಬೆಯ ಅಪರಾಧಿಗೆ ಕೊಟ್ಟ ಭರವಸೆ, ತಾಯಿಯನ್ನು ಶಿಷ್ಯನ ಆಸರೆಗೆ ಒಪ್ಪಿಸಿದ್ದು, ತನ್ನನ್ನು ಕೈಬಿಟ್ಟಿದ್ದೇಕೆಂದು ದೇವರನ್ನೇ ಕೇಳಿದ ಕೂಗು, ಬಾಯಾರಿಕೆ, ಕಾರ್ಯ ಪೂರ್ಣವಾಯಿತೆಂಬ ಉದ್ಗಾರ, ಕೊನೆಗೆ ತಂದೆಯ ಕೈಗೆ ಪ್ರಾಣವನ್ನು ಒಪ್ಪಿಸಿದ್ದು. ಈ ಅನುಕ್ರಮದಲ್ಲಿ ಕೇಳುತ್ತ ಹೋದವರಿಗೆ ಒಂದು ಸುಸಂಬದ್ಧ ನಾಟಕ ಕಣ್ಣೆದುರು ನಡೆದಂತೆ ಭಾಸವಾಗುತ್ತದೆ. ಕ್ಷಮೆಯಿಂದ ಆರಂಭವಾಗುವ ಅದು ಶರಣಾಗತಿಯಲ್ಲಿ ಮುಗಿಯುತ್ತದೆ. ನಾಲ್ಕನೆಯದಾಗಿ ಬರುವ ಆ ಕೂಗು ಮಾತ್ರ ಕ್ಷಣಕಾಲ ಕವಿದು ಸರಿದುಹೋಗುವ ಮೋಡದಂತೆ ನಡುವೆ ಹಾದುಹೋಗುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಈ ಏಳು ಮಾತುಗಳು ಯಾವ ಒಂದು ಸುವಾರ್ತೆಯಲ್ಲಿಯೂ ಒಟ್ಟಿಗೆ ಇಲ್ಲ. ಮಾರ್ಕ ಮತ್ತು ಮತ್ತಾಯರಲ್ಲಿ ಶಿಲುಬೆಯ ಮೇಲಿನ ಯೇಸು ಆಡುವುದು ಒಂದೇ ಮಾತು, ಅದು ಆ ಪ್ರಶ್ನೆ. ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆಯೇ ಮೂರು. ನಾಲ್ವರ ಬರಹಗಳನ್ನು ಒಂದೇ ದಾರದಲ್ಲಿ ಪೋಣಿಸಿ ಏಳೆಂಬ ಪೂರ್ಣಸಂಖ್ಯೆಗೆ ತಂದದ್ದು ನಂತರದ ಭಕ್ತಿಪರಂಪರೆ. ಮೂರು ಗಂಟೆಗಳ ಆರಾಧನೆಯ ಪದ್ಧತಿ ಹದಿನೇಳನೆಯ ಶತಮಾನದಲ್ಲಿ ಪೆರುವಿನ ಲೀಮಾ ನಗರದ ಜೆಸ್ವಿಟರಿಂದ ಆರಂಭವಾಗಿ ಅಲ್ಲಿಂದ ಯುರೋಪಿಗೆ ಹರಡಿತು. ಸಂಗೀತಗಾರ ಹೈಡನ್ 1780ರ ದಶಕದಲ್ಲಿ ಸ್ಪೇನಿನ ಕಾಡಿಜ್ ನಗರದ ಇಂಥದೇ ಆರಾಧನೆಗಾಗಿ ಈ ಏಳು ಮಾತುಗಳಿಗೆ ವಾದ್ಯಸಂಗೀತ ರಚಿಸಿದ. ಪೋಣಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಪೋಣಿಸಿದಾಗ ಒಂದು ಮಾತಿನ ಮೊನೆಯನ್ನು ಮುಂದಿನ ಮಾತು ಮೊಂಡಾಗಿಸುತ್ತದೆ.

ಹಾಗಾದರೆ ಕ್ರಿಸ್ತನ ಕೊನೆಯ ಮಾತು ಯಾವುದು? ಲೂಕನನ್ನು ಕೇಳಿದರೆ ಶರಣಾಗತಿ, ಯೋಹಾನನನ್ನು ಕೇಳಿದರೆ ಪೂರ್ಣತೆ. ಮಾರ್ಕನ ಪ್ರಕಾರ ಪ್ರಶ್ನೆಯೇ ಕೊನೆಯ ಮಾತು. ಅದಾದ ಮೇಲೆ ಗಟ್ಟಿಯಾದ ಒಂದು ಕೂಗಿದೆ, ಆದರೆ ಅದರಲ್ಲಿ ಶಬ್ದಗಳಿಲ್ಲ. ಈ ಭಿನ್ನತೆಯನ್ನು ಕಂಡು ಎಲ್ಲವೂ ಕಟ್ಟುಕಥೆಯೆಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ನಮ್ಮದೇ ಇತಿಹಾಸದ ಒಂದು ನಿದರ್ಶನವನ್ನು ನೆನಪಿಸಬಹುದು. 1948ರ ಜನವರಿ 30ರಂದು ಗಾಂಧೀಜಿ ಕುಸಿದುಬಿದ್ದಾಗ ಸುತ್ತಲೂ ಜನರಿದ್ದರು. ಆದರೂ ಅವರು ರಾಮನಾಮವನ್ನು ಉಚ್ಚರಿಸಿದರೇ ಇಲ್ಲವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹತ್ತಿರದಲ್ಲಿದ್ದವರಲ್ಲೇ ಒಬ್ಬರು ತಮಗೆ ಅದು ಕೇಳಿಸಲಿಲ್ಲವೆಂದು ಮುಂದೆ ಹೇಳಿದರು. ಸಾಯುವವನ ಬಾಯಿಂದ ಬಂದ ಮಾತು ಬದುಕಿ ಉಳಿದವರ ಕಿವಿಯ ಮೂಲಕವೇ ನಮಗೆ ತಲುಪಬೇಕು.

ಮಾರ್ಕನ ಸುವಾರ್ತೆ ನಾಲ್ಕರಲ್ಲಿ ಅತ್ಯಂತ ಹಳೆಯದು. ಕ್ರಿ.ಶ. 70ರ ಆಸುಪಾಸಿನಲ್ಲಿ ಅದು ರಚಿತವಾಯಿತೆಂಬುದು ಬಹುಪಾಲು ವಿದ್ವಾಂಸರ ಅಭಿಮತ. ಗ್ರೀಕಿನಲ್ಲಿ ಬರೆದ ಮಾರ್ಕ ಇಲ್ಲಿ ಯೇಸುವಿನ ತಾಯ್ನುಡಿಯಾದ ಅರಮಾಯಿಕ್ ಭಾಷೆಯ ಶಬ್ದಗಳನ್ನೇ ಉಳಿಸಿಕೊಂಡು, ಬಳಿಕ ಅರ್ಥ ತಿಳಿಸುತ್ತಾನೆ. ಕನ್ನಡ ಬೈಬಲಿನಲ್ಲಿಯೂ ‘ಸಬಕ್ತಾನೀ’ ಎಂಬ ಶಬ್ದ ಹಾಗೆಯೇ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಗಲಿಲಾಯದ ಆಡುನುಡಿಯ ಒಂದು ತುಣುಕು ಬಳ್ಳಾರಿ, ಮಂಗಳೂರುಗಳಲ್ಲಿ ಅಚ್ಚಾದ ಕನ್ನಡದೊಳಗೆ ಬಂದು ಕುಳಿತದ್ದು ಹೀಗೆ.

ಇದಾದ ಮೇಲೆ ಮಾರ್ಕ ಹೇಳುವ ಸಂಗತಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದೆ. ನಿಂತವರಲ್ಲಿ ಕೆಲವರಿಗೆ ಆ ಕೂಗು ತಪ್ಪಾಗಿ ಕೇಳಿಸುತ್ತದೆ. ದೇವರನ್ನು ಕರೆಯುವ ‘ಎಲೋಹೀ’ ಎಂಬ ಸಂಬೋಧನೆಯನ್ನು ಅವರು ಪ್ರವಾದಿ ಎಲೀಯನ ಹೆಸರೆಂದು ಭಾವಿಸುತ್ತಾರೆ. ಒಬ್ಬ ಓಡಿಹೋಗಿ ಸ್ಪಂಜನ್ನು ಹುಳಿರಸದಲ್ಲಿ ಅದ್ದಿ ಕೋಲಿಗೆ ಸಿಕ್ಕಿಸಿ ಅವನ ಬಾಯಿಗೆ ಹಿಡಿಯುತ್ತಾನೆ. ಆಪತ್ತಿನಲ್ಲಿರುವವರ ನೆರವಿಗೆ ಎಲೀಯ ಬರುತ್ತಾನೆಂಬುದು ಅಂದಿನ ಜನರ ನಂಬಿಕೆ. ಬಂದು ಇಳಿಸುತ್ತಾನೋ ನೋಡಿಯೇ ಬಿಡೋಣವೆಂಬ ಕುತೂಹಲ ಅವರದು. ಒಬ್ಬ ಮನುಷ್ಯ ತನ್ನ ಬಾಳಿನ ಅತ್ಯಂತ ಆಳದ ಪ್ರಶ್ನೆಯನ್ನು ಕೇಳುತ್ತಿದ್ದಾನೆ, ಕೇಳುಗರು ಪವಾಡದ ನಿರೀಕ್ಷೆಯಲ್ಲಿ ಕತ್ತೆತ್ತಿ ನೋಡುತ್ತಿದ್ದಾರೆ. ನೋವಿನ ಮಾತು ನೆರೆದವರ ಕಿವಿಯಲ್ಲಿ ಹೇಗೆ ಬೇರೆಯೇ ಆಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಚಿತ್ರವನ್ನು ನಾನು ಓದಿಲ್ಲ.

ಮತ್ತು ಹೀಗೆ ಬೇರೆ ಕೇಳಿಸಿಕೊಳ್ಳುವ ಪ್ರವೃತ್ತಿ ಆ ಗುಡ್ಡದ ಮೇಲೆಯೇ ನಿಂತುಹೋಗಲಿಲ್ಲ. ಕೇಂಬ್ರಿಜ್‌ನಲ್ಲಿರುವ ‘ಬೀಜಾ’ ಎಂಬ ಪ್ರಾಚೀನ ಹಸ್ತಪ್ರತಿಯಲ್ಲಿ ಮಾರ್ಕನ ಈ ವಾಕ್ಯದ ಗ್ರೀಕ್ ಕ್ರಿಯಾಪದವೇ ಬದಲಾಗಿದೆ. ಅಲ್ಲಿ ದೇವರು ಅವನನ್ನು ಕೈಬಿಡುವುದಿಲ್ಲ, ನಿಂದಿಸುತ್ತಾನೆ. ಈಜಿಪ್ಟಿನಲ್ಲಿ 1880ರ ದಶಕದಲ್ಲಿ ದೊರೆತ, ಬೈಬಲಿಗೆ ಸೇರದ ಪೇತ್ರನ ಸುವಾರ್ತೆಯಲ್ಲಿ ಅವನನ್ನು ತೊರೆಯುವುದು ದೇವರಲ್ಲ, ಅವನೊಳಗಿದ್ದ ಶಕ್ತಿ. ಪ್ರಶ್ನೆಯೂ ಅಲ್ಲಿ ಪ್ರಶ್ನೆಯಾಗಿ ಉಳಿದಿಲ್ಲ. ದೇವಕುಮಾರನೆಂದು ನಂಬಿದವನು ದೇವರಿಂದಲೇ ತ್ಯಕ್ತನಾದನೆಂಬ ಮಾತು ಆ ಕೈಗಳಿಗೆ ಅದೆಷ್ಟು ಭಾರವಾಗಿದ್ದಿರಬೇಕು! ಲೂಕ ಮತ್ತು ಯೋಹಾನರಲ್ಲಿ ಈ ಕೂಗು ಇಲ್ಲವೇ ಇಲ್ಲ ಎಂಬುದನ್ನೂ ಗಮನಿಸಬೇಕು.

ಇಂದಿನ ಪ್ರವಚನಕಾರರು ಇಷ್ಟು ದೂರ ಹೋಗುವುದಿಲ್ಲ. ಅವರಲ್ಲಿ ಹೆಚ್ಚು ಗೌರವಾನ್ವಿತವಾದ ಇನ್ನೊಂದು ಉಪಾಯವಿದೆ. ಯೇಸುವಿನ ಮಾತು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ಗೋಳಿನಿಂದ ಆರಂಭವಾದರೂ ಸ್ತುತಿಯಲ್ಲಿ ಮುಗಿಯುತ್ತದೆ. ಯೆಹೂದಿ ಸಂಪ್ರದಾಯದಲ್ಲಿ ಬೆಳೆದವನು ಮೊದಲ ಸಾಲನ್ನು ನುಡಿದನೆಂದರೆ ಇಡೀ ಕೀರ್ತನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ತಿಳಿಯಬೇಕು, ಆದ್ದರಿಂದ ಅದು ಹತಾಶೆಯಲ್ಲ, ವಿಜಯದ ಪೀಠಿಕೆ ಎಂಬುದು ವಾದ. ಕೀರ್ತನೆಯ ಸಂಬಂಧ ನಿಸ್ಸಂದೇಹ. ಶಿಲುಬೆಯ ಬುಡದಲ್ಲಿ ಬಟ್ಟೆಗಾಗಿ ಚೀಟಿ ಹಾಕಿದ ವಿವರವೂ ಅಲ್ಲಿಂದಲೇ ಬರುತ್ತದೆ. ಆದರೆ ಉಸಿರು ಕಟ್ಟುತ್ತಿರುವ ಮನುಷ್ಯ ಸಾಹಿತ್ಯಿಕ ಉಲ್ಲೇಖದ ಮೂಲಕ ಸುಖಾಂತ್ಯವನ್ನು ಸೂಚಿಸಿದನೆಂದು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಕಂಠಸ್ಥವಾದ ಪ್ರಾರ್ಥನೆಯೊಂದು ಸಂಕಟದಲ್ಲಿ ತುಟಿಗೆ ಬಂತೆಂದರೆ ಆ ಸಂಕಟ ಕಡಿಮೆಯದೆಂದು ಅರ್ಥವಲ್ಲ. ಮಾರ್ಕನಿಗೆ ಕೀರ್ತನೆಯ ಕೊನೆಯ ಸಾಲುಗಳೂ ಗೊತ್ತಿದ್ದವು. ಬೇಕಿದ್ದರೆ ಅವನ್ನೇ ಬರೆಯಬಹುದಿತ್ತು. ಬರೆಯಲಿಲ್ಲ.

ಧರ್ಮಗ್ರಂಥವೊಂದು ಉತ್ತರವಿಲ್ಲದ ಪ್ರಶ್ನೆಯನ್ನು ತನ್ನ ನಟ್ಟನಡುವೆ ಇಟ್ಟುಕೊಳ್ಳುವುದು ನಮಗೆ ಅಪರಿಚಿತವೇನಲ್ಲ. ಕುರುಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮನೇ ಕೈಚೆಲ್ಲಿದ. ವ್ಯಾಸಭಾರತ ಆ ಲಜ್ಜೆಯನ್ನು ಮರೆಮಾಚಲಿಲ್ಲ. ಗೊಲ್ಗೊಥಾದ ಪ್ರಶ್ನೆಯನ್ನು ಅದೇ ಮರ್ಯಾದೆಯಿಂದ ಓದಬೇಕೆಂಬುದಷ್ಟೇ ನನ್ನ ಮಾತು.

ಹೀಗೆ ಓದದೆ ಹೋದರೆ ಏನಾಗುತ್ತದೆ? ಇದು ಬರೀ ಪಂಡಿತರ ಜಗಳವಲ್ಲವೇ ಎಂದು ಕೇಳಬಹುದು. ಲೂಕನ ಕ್ಷಮೆಯ ಮಾತಿಗೆ ಒದಗಿದ ಗತಿಯನ್ನು ನೋಡಿದರೆ ಹಾಗೆ ಅನ್ನಿಸದು. ಕ್ರಿಸ್ತನ ಮಾತುಗಳಲ್ಲೆಲ್ಲ ಪ್ರಾಯಶಃ ಅತ್ಯಂತ ಪ್ರಸಿದ್ಧವಾದ ಈ ಪ್ರಾರ್ಥನೆ ಲೂಕನ ಅತಿ ಪ್ರಾಚೀನ ಪ್ರತಿಗಳಲ್ಲಿ ಕೆಲವೆಡೆ ಕಾಣುವುದೇ ಇಲ್ಲ. ವ್ಯಾಟಿಕನ್ ಹಸ್ತಪ್ರತಿಯಲ್ಲಿ ಅದಿಲ್ಲ, ಅದಕ್ಕಿಂತ ಹಳೆಯದಾದ ಒಂದು ಪಪೈರಸ್ ಪ್ರತಿಯಲ್ಲಿಯೂ ಇಲ್ಲ. ನಂತರ ಯಾರೋ ಸೇರಿಸಿದರೆಂದು ಕೆಲವು ವಿದ್ವಾಂಸರೆನ್ನುತ್ತಾರೆ. ಮೂಲದಲ್ಲಿ ಇದ್ದುದನ್ನು ಪ್ರತಿಕಾರರು ಕಿತ್ತುಹಾಕಿದರೆಂದು ಮತ್ತೆ ಕೆಲವರೆನ್ನುತ್ತಾರೆ. ಕಿತ್ತುಹಾಕಿದ್ದೇಕೆ? ಆ ಕ್ಷಮೆ ಯೆಹೂದ್ಯರಿಗೂ ಸಲ್ಲುತ್ತದೆಂಬುದನ್ನು ಸಹಿಸಲಾಗದೆ ಎಂಬುದು ಅವರು ಕೊಡುವ ಕಾರಣಗಳಲ್ಲೊಂದು. ವಿವಾದ ಬಗೆಹರಿದಿಲ್ಲ. ಆದರೆ ಕ್ರಿಸ್ತನನ್ನು ಕೊಂದ ಜನಾಂಗವೆಂಬ ಅಪವಾದವನ್ನು ಹೊರಿಸಿ ಶತಮಾನಗಳ ಕಾಲ ಯುರೋಪಿನ ಯೆಹೂದ್ಯರನ್ನು ಬೇಟೆಯಾಡಿದ್ದು ವಿವಾದದ ವಿಷಯವಲ್ಲ. ಶಿಲುಬೆಯ ಮೇಲಿದ್ದವನೂ ಯೆಹೂದಿ, ಅವನು ನುಡಿದದ್ದು ಯೆಹೂದ್ಯರ ಕೀರ್ತನೆ, ಕೊಂದದ್ದು ರೋಮನ್ ಅಧಿಕಾರಿ ಪಿಲಾತನ ಆಜ್ಞೆ. ಆ ದಿನದ ಘಟನೆಗಳ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಕ್ಯಾಥೊಲಿಕ್ ಚರ್ಚು ವಿಧ್ಯುಕ್ತವಾಗಿ ಸಾರಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ನಾತ್ಸಿಗಳ ನರಮೇಧ ಮುಗಿದು ಅದಾಗಲೇ ಇಪ್ಪತ್ತು ವರ್ಷಗಳಾಗಿದ್ದವು. 2004ರಲ್ಲಿ ಮೆಲ್ ಗಿಬ್ಸನ್ ಪಾತ್ರಗಳ ಬಾಯಲ್ಲಿ ಅರಮಾಯಿಕ್ ಭಾಷೆಯನ್ನೇ ಆಡಿಸಿ ತೆಗೆದ ಚಿತ್ರ ಎಬ್ಬಿಸಿದ ವಿವಾದವನ್ನು ನೆನೆದರೆ, ಆ ಹಳೆಯ ಗಾಯ ಇನ್ನೂ ಮಾಗಿಲ್ಲವೆಂಬುದು ತಿಳಿಯುತ್ತದೆ. ಭಾಷೆಯನ್ನು ಯಥಾವತ್ತಾಗಿ ತಂದ ಮಾತ್ರಕ್ಕೆ ಮಾತು ಕೇಳಿಸುವುದಿಲ್ಲ.

ಕ್ಷಮೆಯ ಮಾತು ನಮ್ಮ ದೇಶದಲ್ಲಿಯೂ ಒಮ್ಮೆ ನಿಜವಾಗಿ ಕೇಳಿಸಿತ್ತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟು ಕೊಂದರು. ಅವರ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಕ್ಷಮಿಸಿರುವುದಾಗಿ ಹೇಳಿದರು. ಅಪರಾಧಕ್ಕೆ ನ್ಯಾಯಾಲಯದಲ್ಲಿ ಆಗಬೇಕಾದದ್ದು ಆಗಿಯೇ ಆಯಿತು. ಪ್ರಮುಖ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಕೆಯ ಮಾತನ್ನು ದೇಶವೆಲ್ಲ ಕೊಂಡಾಡಿತು, 2005ರಲ್ಲಿ ಪದ್ಮಶ್ರೀಯೂ ಬಂತು. ಆದರೆ ನೊಂದವರ ಕ್ಷಮೆಯನ್ನು ಹೊಗಳುವುದು ನೋಡಿ ನಿಂತವರಿಗೆ ಬಹಳ ಸುಲಭ. ಕ್ಷಮೆ ಅವರಿಂದ ಬಂದೊಡನೆ ನಮ್ಮ ಹೊಣೆ ತೀರಿತೆಂದು ಹಗುರಾಗುತ್ತೇವೆ. ಆ ಮಕ್ಕಳಿಗೆ ಹೀಗೇಕಾಯಿತು ಎಂಬುದು ಮಾತ್ರ ಯಾರ ಕ್ಷಮೆಯಿಂದಲೂ ಉತ್ತರ ದೊರೆಯುವ ಪ್ರಶ್ನೆಯಲ್ಲ. ಏಳು ಮಾತುಗಳಲ್ಲಿ ಮೊದಲನೆಯದರ ಮೇಲೆ ನಮಗಿರುವ ಪ್ರೀತಿ ನಾಲ್ಕನೆಯದರ ಮೇಲೆ ಇಲ್ಲದಿರುವುದರ ಗುಟ್ಟು ಇದೇ ಇರಬಹುದು.

ಯೋಹಾನನ ಕೊನೆಯ ಮಾತಿನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಗ್ರೀಕಿನಲ್ಲಿ ಅದು ‘ತೆತೆಲೆಸ್ತಾಯಿ’ ಎಂಬ ಒಂದೇ ಪದ. ಮುಗಿಯಿತು ಎಂಬುದಕ್ಕಿಂತ ಗುರಿ ಮುಟ್ಟಿತು, ನೆರವೇರಿತು ಎಂಬ ಧ್ವನಿ ಅದರಲ್ಲಿದೆ. ಯೋಹಾನನ ಯೇಸು ಸೋತವನಲ್ಲ, ತನ್ನ ಸಾವಿಗೂ ತಾನೇ ಒಡೆಯ. ಭವ್ಯವಾದ ಕಲ್ಪನೆ, ನಿಜ. ಅದನ್ನು ನಂಬಿ ನೆಮ್ಮದಿಯಿಂದ ಕಣ್ಣುಮುಚ್ಚಿದ ಕೋಟ್ಯಂತರ ಜನರ ಶ್ರದ್ಧೆಯ ಬಗ್ಗೆ ಹಗುರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ನೆರವೇರಿತೆಂಬ ಮಾತಿನಲ್ಲಿ ಪಾಲು ಸಿಗದವರಿಗೆ ಮಾರ್ಕನೇ ಗತಿ.

ಅಂಥವರಲ್ಲಿ ಒಬ್ಬ ಯುರ್ಗನ್ ಮೋಲ್ಟ್‌ಮನ್. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬಿನ ಮಳೆ ಸುರಿದಾಗ ಹದಿನೇಳು ವರ್ಷದ ಈ ಹುಡುಗ ವಿಮಾನವಿರೋಧಿ ತೋಪಿನ ಪಡೆಯಲ್ಲಿದ್ದ. ಪಕ್ಕದಲ್ಲಿ ನಿಂತಿದ್ದ ಗೆಳೆಯ ಛಿದ್ರವಾದ, ಇವನು ಉಳಿದ. ಧರ್ಮಶ್ರದ್ಧೆಯ ಮನೆತನವೇನೂ ಅವನದಾಗಿರಲಿಲ್ಲ. ದೇವರೆಲ್ಲಿ ಎಂದು ಆ ರಾತ್ರಿ ಮೊದಲ ಬಾರಿಗೆ ಕೂಗಿದೆನೆಂದು ಮುಂದೆ ಬರೆದುಕೊಂಡ. ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಸೇನಾ ಪಾದ್ರಿಯೊಬ್ಬರು ಕೊಟ್ಟ ಬೈಬಲನ್ನು ಓದುತ್ತ ಮಾರ್ಕನ ಈ ಕೂಗಿಗೆ ಬಂದು ನಿಂತ. ತನ್ನ ಸಂಕಟ ಅರ್ಥವಾಗುವವನೊಬ್ಬ ಇಲ್ಲಿದ್ದಾನೆ ಎನ್ನಿಸಿತಂತೆ. ಯುದ್ಧ ಮುಗಿದ ಮೇಲೆ ತನ್ನ ದೇಶ ಯಾತನಾಶಿಬಿರಗಳಲ್ಲಿ ಎಸಗಿದ್ದರ ಚಿತ್ರಗಳನ್ನೂ ಆ ಕೈದಿಗಳ ಮುಂದಿಡಲಾಯಿತು. 1972ರಲ್ಲಿ ಪ್ರಕಟವಾದ ಅವನ ‘ಶಿಲುಬೆಗೇರಿದ ದೇವರು’ ಎಂಬ ಗ್ರಂಥ ಕಳೆದ ಶತಮಾನದ ಕ್ರೈಸ್ತ ಚಿಂತನೆಯ ದಿಕ್ಕನ್ನೇ ಬದಲಿಸಿತು. ಅದರ ತಿರುಳು ಈ ಕೂಗೇ. 2024ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮೋಲ್ಟ್‌ಮನ್ ಆ ಪ್ರಶ್ನೆಯನ್ನು ಬಿಡಲಿಲ್ಲ.

ಕನ್ನಡದಲ್ಲಿ ಮಂಜೇಶ್ವರ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಚಿತ್ರಿಸಿದರು. ಎರಡು ಸಾವುಗಳನ್ನು ಒಬ್ಬನೇ ಕವಿ ಎದುರೆದುರು ಇಟ್ಟು ನೋಡಿದ್ದು ಸಣ್ಣ ವಿಷಯವಲ್ಲ. ಬುದ್ಧ ಶಿಷ್ಯರ ನಡುವೆ, ಎಂಬತ್ತರ ಮಾಗಿದ ವಯಸ್ಸಿನಲ್ಲಿ, ಬೋಧಿಸುತ್ತಲೇ ಹೋದ. ಯೇಸುವಿನ ಶಿಷ್ಯರು ಹಿಂದಿನ ರಾತ್ರಿಯೇ ಓಡಿಹೋಗಿದ್ದರೆಂದು ಮಾರ್ಕ ಬರೆಯುತ್ತಾನೆ. ದೂರದಲ್ಲಿ ನಿಂತು ನೋಡುತ್ತಿದ್ದವರು ಕೆಲವು ಹೆಂಗಸರು.

ಶಿಲುಬೆಯ ಸಾವು ಯೇಸುವಿಗೆಂದೇ ಹುಟ್ಟಿಕೊಂಡ ಶಿಕ್ಷೆಯಲ್ಲ. ಗುಲಾಮರಿಗೂ ಬಂಡುಕೋರರಿಗೂ ರೋಮ್ ಮೀಸಲಾಗಿಟ್ಟಿದ್ದ ಮರಣವದು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆಯನ್ನು ಅಡಗಿಸಿದ ಮೇಲೆ ಕಾಪುವಾದಿಂದ ರೋಮ್‌ವರೆಗಿನ ಹೆದ್ದಾರಿಯ ಉದ್ದಕ್ಕೂ ಸುಮಾರು ಆರು ಸಾವಿರ ಮಂದಿಯನ್ನು ಹೀಗೆಯೇ ಕೊಂದರು. ಅವರಲ್ಲಿ ಒಬ್ಬನ ಮಾತನ್ನೂ ಯಾರೂ ಬರೆದಿಡಲಿಲ್ಲ. 1968ರಲ್ಲಿ ಯೆರೂಸಲೇಮಿನ ಉತ್ತರ ಭಾಗದಲ್ಲಿ ಅಗೆಯುವಾಗ ಯೇಸುವಿನ ಶತಮಾನಕ್ಕೇ ಸೇರಿದ ಕಲ್ಲಿನ ಅಸ್ಥಿಪೆಟ್ಟಿಗೆಯೊಂದು ದೊರೆಯಿತು. ಒಳಗಿದ್ದ ಹಿಮ್ಮಡಿಯ ಮೂಳೆಯೊಂದರಲ್ಲಿ ಕಬ್ಬಿಣದ ಮೊಳೆ ಇನ್ನೂ ನಾಟಿಕೊಂಡಿತ್ತು, ತುದಿ ಬಾಗಿದ್ದರಿಂದ ಅದನ್ನು ಕೀಳಲು ಆಗಿರಲಿಲ್ಲ. ಪೆಟ್ಟಿಗೆಯ ಮೇಲೆ ಮನೆಯವರು ಗೀಚಿದ್ದ ಹೆಸರು ಯೆಹೋಹಾನಾನ್. ದೇವರು ಕರುಣೆ ತೋರಿದನು ಎಂಬುದು ಆ ಹೆಸರಿನ ಅರ್ಥ.